ಹಸಿರು ಚೌಕದ ರೇಷ್ಮೆಹುಳು

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಪಕ್ಕದಲ್ಲೇ ಕುಳಿತು ಕಣ್ಣಾರೆ ಕಂಡ ನನ್ನ ಗೆಳೆಯನೇ ಇನ್ನೂ ನಂಬಿಲ್ಲ, ನಿಮ್ಮದೇನು. ಮಾಗಡಿ ಸೀಮೆಯಲ್ಲಿ ಕೋಡ್ ಬರೆದು ರೇಷ್ಮೆಹುಳು ಬೆಳೆಸಿದ ಮೊದಲ ಮಹಾನುಭಾವ ನಾನು.

ಡಿಪ್ಲೊಮಾ ಓದುವ ನಾವೆಲ್ಲ ಬರೆದ ಕೋಡನ್ನು ಇಂಟರ್ನೆಟ್ಟಿನ ಒಂದು ಉಗ್ರಾಣದಲ್ಲಿಡುತ್ತೇವೆ. ಕೆಲಸ ಮಾಡಿದ ದಿನಕ್ಕೆ ನಮ್ಮ ಪುಟದಲ್ಲಿ ಒಂದು ಹಸಿರು ಚೌಕ ಬೀಳುತ್ತದೆ, ಮಾಡದ ದಿನಕ್ಕೆ ಬೂದು. ಗೆಳೆಯನ ಪುಟ ಹಿಪ್ಪುನೇರಳೆ ತೋಟದಂತಿತ್ತು. ನನ್ನದು ಸಾವನದುರ್ಗದ ಬಂಡೆ.

"ಲೇ, ಒಂದ್ ಗರಿಕೆನಾದ್ರೂ ಬೆಳ್ಕಳ್ಳಲಾ," ಎಂದು ಹಂಗಿಸಿದ. "ಬಿಡದಿ ಫ್ಯಾಕ್ಟ್ರಿಯೋರು ಇದ್ನ ನೋಡುದ್ರೆ ಕಲ್ಲೊಡಿಯಕ್ಕೆ ಕರ್ಕತಾರೆ ಅಷ್ಟೆ."

"ಗರಿಕೆ ಯಾಕ್ಲಾ? ರೇಷ್ಮೆಹುಳನೇ ಬರೀತೀನಿ, ನೋಡ್ತಿರು."

ಪೈಥಾನ್ ಎಂಬ ಕೋಡಿನ ಭಾಷೆಯಲ್ಲಿ ಇದಕ್ಕೆಂದೇ ಒಂದು ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡು, ಇದೆ. ಬ್ರೌಸರ್ ತೆರೆದು ಕ್ಲಿಕ್ಕಿಸುವ ಕೂಲಿ ಬೇಡ. ಬೀಗದ ಕೈಯಂಥ ಗುಟ್ಟಿನ ಟೋಕನ್ ಒಂದನ್ನು ಕೈಗಿತ್ತರೆ ಸಾಕು, ಅದೇ ಹೋಗಿ ಉಗ್ರಾಣದ ಬಾಗಿಲು ತಟ್ಟಿ, ಹೇಳಿದ ಫೈಲನ್ನು ಹೇಳಿದ ಜಾಗದಲ್ಲಿಟ್ಟು ಬರುತ್ತದೆ. ಹೋದ ವರ್ಷದ ತಾರೀಖು ಹಾಕೆಂದರೂ ತುಟಿ ಪಿಟಕ್ಕೆನ್ನದೆ ಹಾಕುತ್ತದೆ. ತಾರೀಖುಗಳನ್ನು ಜಾಣತನದಿಂದ ಆರಿಸಿದರೆ ಹಸಿರು ಚೌಕಗಳಲ್ಲೇ ಚಿತ್ರ ತಯಾರು.

ತೊಡಕು ಒಂದೇ, ಅವ್ವ. ಕನಕಪುರಕ್ಕೆ ನಾಮಕರಣಕ್ಕೆ ಹೊರಟಿದ್ದಳು. ಮನೆಯಲ್ಲಿ ಸಾಕಿದ್ದ ರೇಷ್ಮೆಹುಳುಗಳು ಕೊನೆಯ ಪೊರೆ ಬಿಟ್ಟು, ಮಳೆ ಸುರಿದಂತೆ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು. ಹುಳು ಹಣ್ಣಾದೊಡನೆ, ಅಂದರೆ ಗೂಡು ಕಟ್ಟಲು ಸಿದ್ಧವಾದೊಡನೆ, ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು.

"ನಾಳೀಕೆ ಹಣ್ಣಾಯ್ತವೆ. ಇವತ್ತು ಸೊಪ್ಪಾಕಿ ಕಣ್ಣಿಟ್ಟಿರು," ಎಂದಳು. "ಒಸಿ ಹೆಚ್ಚುಕಮ್ಮಿ ಆಗ್ಲಿ, ಆ ಲ್ಯಾಪ್‌ಟಾಪು ವಾಪಸ್ ನಿಮ್ಮಾವನ ಮನೆಗೆ."

ಲ್ಯಾಪ್‌ಟಾಪ್ ಮಾವ, ಅಂದರೆ ಅವ್ವನ ಅಣ್ಣ, ಕೊಟ್ಟಿದ್ದು. ನನ್ನ ಜೀವ ಇದ್ದದ್ದು ಅದರೊಳಗೆ.

ಹಾಗಾಗಿ ಅದನ್ನು ಹುಳದ ಮನೆಗೇ ಹೊತ್ತುಕೊಂಡು ಹೋದೆ, ಗೆಳೆಯನೂ ನೋಡಲು ಬಂದ. ಒಂದು ಕಣ್ಣು ಹುಳಕ್ಕೆ, ಒಂದು ಕಣ್ಣು ಕೋಡಿಗೆ. ಇಂಥ ಬುದ್ಧಿ ಜಿಲ್ಲೆಗೊಬ್ಬರಿಗಿದ್ದರೆ ಹೆಚ್ಚು. ಸ್ಕ್ರೀನಿಗೆ ಬಿಸಿಲು ಹೊಡೆಯುತ್ತಿತ್ತೆಂದು ಕಿಟಕಿಗಳನ್ನೆಲ್ಲ ಮುಚ್ಚಿದೆ. ಒಳಗೆ ಇಡ್ಲಿ ಬೇಯಿಸಬಹುದಾಗಿತ್ತು.

ನನ್ನ ಸ್ಕ್ರಿಪ್ಟ್, ಅಂದರೆ ಲೈಬ್ರರಿಗೆ ಬರೆದುಕೊಟ್ಟ ಅಪ್ಪಣೆಗಳ ಪಟ್ಟಿ, ಓಡಿತು. ಪುಟದಲ್ಲಿ ಹುಳದ ತಲೆ ಮೂಡಿತು! ಕತ್ತು ಮೂಡಿತು! ಗೆಳೆಯ ಸ್ಟೂಲು ಹತ್ತಿ ಕುಣಿದ. ನಾನು ಕುಣಿಯಲಿಲ್ಲ, ಮೇಧಾವಿಗಳು ಕುಣಿಯುವುದಿಲ್ಲ. ಅಷ್ಟರಲ್ಲಿ ಲೈಬ್ರರಿ ಕೆಂಪು ಅಕ್ಷರ ಕಕ್ಕಿತು. ಫೈಲುಗಳನ್ನು ಉಸಿರಾಡಲೂ ಬಿಡದೆ ಒಂದರ ಹಿಂದೊಂದು ತಳ್ಳಿದ್ದೆ. ಸ್ವಲ್ಪ ಹೊತ್ತು ತಡಿ ಎಂದು ಉಗ್ರಾಣ ಬಾಗಿಲು ಹಾಕಿಕೊಂಡಿತ್ತು. ಫೈಲಿಗೂ ಫೈಲಿಗೂ ನಡುವೆ ಕಾಯುವಂತೆ ಒಂದು ಸಾಲು ಸೇರಿಸಲು ಕುಳಿತೆ.

"ಲೇ, ಹುಳ ತಲೆ ಎತ್ಕಂಡು ಓಡಾಡ್ತಾವೆ ಕಣ್ಲಾ," ಎಂದ ಗೆಳೆಯ. ಅವರ ಮನೆಯಲ್ಲಿರುವುದು ಹಸುಗಳು ಮಾತ್ರ.

"ನನ್ ಕೋಡ್ ನೋಡಕ್ಕೆ ಬತ್ತಾವೆ, ಬುಡ್ಲಾ."

"ಮೈಯೆಲ್ಲ ಗಾಜ್ ಆದಂಗೈತೆ."

"ಹಣ್ಣಾಗದು ನಾಳೀಕೆ. ಅವ್ವ ಹೇಳವ್ಳೆ."

ಸ್ಕ್ರಿಪ್ಟ್ ಮತ್ತೆ ಓಡಿಸಿ ತಲೆಯೆತ್ತಿದೆ. ತಟ್ಟೆಗಳು ಅರ್ಧ ಖಾಲಿ. ಹುಳುಗಳು ಕಂಬ ಹತ್ತಿದ್ದವು, ಗೋಡೆ ಹತ್ತಿದ್ದವು, ಚಾರ್ಜರಿನ ವೈರಿನ ಮೇಲೆ ದಿಬ್ಬಣ ಹೊರಟಿದ್ದವು. ಕಾವಿಗೆ ಒಂದು ದಿನ ಮೊದಲೇ ಹಣ್ಣಾಗಿದ್ದವು. ಗೆಳೆಯನ ಕಾಲರಿನಲ್ಲಿ ಒಂದು ಆಗಲೇ ನೂಲು ಬಿಡುತ್ತಿತ್ತು.

"ಕಚ್ತದೇನ್ಲಾ ಇದು?" ಎಂದ, ತುಟಿ ಮಾತ್ರ ಅಲುಗಿಸಿ.

"ಇಲ್ಲ ಕಣ್ಲಾ. ಸೀರೆ ಉಡಿಸ್ತದೆ, ಸುಮ್ಕಿರು."

ಅವನು ಚಂದ್ರಿಕೆ ಹಿಡಿದ, ನಾನು ಗೋಡೆಯಿಂದ ಹುಳ ಬಿಡಿಸಿದೆ. ಒಂದನ್ನು ಬಿಡಿಸಿದರೆ ನಾಲ್ಕು ಹತ್ತುತ್ತಿದ್ದವು. ಅತ್ತ ಪುಟದಲ್ಲಿ ಹೊಟ್ಟೆ ತುಂಬಿಕೊಂಡಿತ್ತು, ಬಾಲವೊಂದೇ ಬಾಕಿ. ಇಬ್ಬರಿಗೂ ನಗು ಎಷ್ಟು ಒತ್ತರಿಸಿತೆಂದರೆ, ಹುಳುಗಳನ್ನು ಕೈಯಲ್ಲಿ ಹಿಡಿದೇ ನೆಲಕ್ಕೆ ಕುಸಿದೆವು.

ಬಾಗಿಲು ತೆರೆಯಿತು. ಅವ್ವ. ಹೊಸ ಸೀರೆ, ಕೈಯಲ್ಲಿ ತಾಂಬೂಲದ ಚೀಲ. ಗೋಡೆ ನೋಡಿದಳು, ನಮ್ಮನ್ನು ನೋಡಿದಳು.

"ಕಿಟ್ಕಿ ಯಾಕ್ಲಾ ಮುಚ್ಚಿದ್ದೀಯ?"

"ನಾನ್ ಆಗ್ಲೇ ಹೇಳ್ದೆ ಕಣತ್ತೆ," ಎಂದ ಗೆಳೆಯ. ದ್ರೋಹಿ.

ಅವ್ವ ಕೀಬೋರ್ಡಿನ ಮೇಲಿದ್ದ ಹುಳವನ್ನು ಎರಡು ಬೆರಳಲ್ಲಿ ಮೆತ್ತಗೆ ಎತ್ತಿ ಚಂದ್ರಿಕೆಗೆ ಬಿಟ್ಟಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಕಂಕುಳಲ್ಲಿ ಇರುಕಿಕೊಂಡು, ಫೋನ್ ಕಿವಿಗಿಟ್ಟಳು.

"ಅಣ್ಣಾ, ನಾಳೀಕೆ ಮೊದಲ್ನೇ ಬಸ್ಸಿಗೆ ಬಂದ್ಬುಡು."