ತೊಟ್ಟಿಯಲ್ಲಿ ಗದ್ದೆಯ ಮೀನು

ಡೆಂಗಿ ಜ್ವರ ಇಳಿದ ಮೇಲೆ ಮಗಳನ್ನು ಗಂಗಾವತಿಯ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಆಗ ನಿಂತ ನೀರು ಕಂಡಲ್ಲೆಲ್ಲ ನಾನು ಚೆಲ್ಲಿಬಿಡುತ್ತಿದ್ದೆ. ಆದರೆ ನಮ್ಮೂರಲ್ಲಿ ನಲ್ಲಿ ದಿನವೂ ಬರುವುದಿಲ್ಲ. ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಬಳಸುವ ನೀರು ತುಂಬಿಡಲೇಬೇಕು. ವಾರಕ್ಕೊಮ್ಮೆ ತಿಕ್ಕಿ ಒಣಗಿಸಿರಿ ಎಂದು ಆಶಾ ಕಾರ್ಯಕರ್ತೆ ಹೇಳಿ ಹೋಗಿದ್ದರು. ಅತ್ತೆಗೆ ಅದು ಸಾಲಲಿಲ್ಲ. ಗದ್ದೆಯ ಕಾಲುವೆಯಲ್ಲಿ ಹಳೆಯ ಸೀರೆ ಹಾಸಿ ಒಂದಿಷ್ಟು ಸಣ್ಣ ಮೀನು ಹಿಡಿದು ತಂದು ತೊಟ್ಟಿಗೆ ಬಿಟ್ಟರು.

"ಇವು ಸೊಳ್ಳಿ ಮರಿ ತಿಂತಾವೇನ್ರಿ ಅತ್ತಿ?" ಎಂದೆ.

"ನೋಡೂಣು. ನಿನ್ನಂಗ ಹೆದರಿಕೊಂಡಂತೂ ಕುಂದ್ರೂದಿಲ್ಲ ಅವು."

ಮೀನು ಬೆರಳಿನ ಗೆಣ್ಣಿಗಿಂತ ತುಸು ಉದ್ದ. ಬೆನ್ನು ಚಪ್ಪಟೆ, ಬಾಯಿ ಮೇಲ್ಮುಖ. ಮೈ ಎಷ್ಟು ತಿಳಿಯೆಂದರೆ ಒಳಗಿನ ಮೂಳೆಯೂ ಕಾಣುತ್ತಿತ್ತು. ಸದಾ ನೀರಿನ ಮೇಲ್ಪದರದಲ್ಲೇ ಈಜುತ್ತಿದ್ದವು. ಒಡೆದ ಕೊಡದಲ್ಲಿ ನಿಂತ ನೀರಿನಲ್ಲಿ ಸೊಳ್ಳೆಮರಿ ಕಂಡಾಗ ಆ ನೀರನ್ನು ತೊಟ್ಟಿಗೆ ಸುರಿದು ಕಾದು ನಿಂತೆ. ಒಂದೂ ಉಳಿಯಲಿಲ್ಲ. ಆಗಲೂ ನನಗೆ ನಂಬಿಕೆ ಬರಲಿಲ್ಲ.

ಒಳಗೆ ಮಗಳು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಚೆನ್ನಾಗಿ ಉಣ್ಣಿಸಿರಿ ಎಂದು ಡಾಕ್ಟರು ಹೇಳಿದ್ದರು. ಅವಳು ಗಂಜಿಯನ್ನು ತುಟಿಗೆ ಮುಟ್ಟಿಸಿ ಸರಿಸಿಬಿಡುತ್ತಿದ್ದಳು. ಮಾತೂ ಇರಲಿಲ್ಲ. ಜ್ವರಕ್ಕಿಂತ ಆ ಮೌನಕ್ಕೇ ನಾನು ಹೆಚ್ಚು ಹೆದರಿದ್ದೆ.

ಒಂದು ಬೆಳಿಗ್ಗೆ ಒಂದು ಮೀನಿನ ಹೊಟ್ಟೆಯ ಕೆಳಗೆ ಏನೋ ಗೊಂಚಲು ಜೋತಾಡುವುದು ಕಂಡಿತು. ಕರುಳು ಹೊರಬಿದ್ದಿದೆ, ಇದಕ್ಕೂ ರೋಗ ಹತ್ತಿದೆ ಎಂದುಕೊಂಡೆ. ತಂಬಿಗೆಯಲ್ಲಿ ಅದನ್ನು ಹಿಡಿದು ಹೊರಗೆ ಚೆಲ್ಲಲು ಹೊರಟೆ. ಬಾಗಿಲ ಬಳಿ ಮಗಳು ಗೋಡೆ ಹಿಡಿದು ನಿಂತಿದ್ದಳು. ಯಾವಾಗ ಎದ್ದು ಬಂದಳೋ ತಿಳಿಯದು.

"ಎಲ್ಲಿಗಿ ಒಯ್ತಿ ಅದನ್ನ?"

"ಜಡ್ಡಾಗೈತಿ, ಚೆಲ್ಲತೀನಿ."

"ಜಡ್ಡಾದರ ಚೆಲ್ಲತಾರೇನು?"

ಅತ್ತೆ ತಂಬಿಗೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ತತ್ತಿ ಅದಾವ. ಬಸುರಿನ್ನ ಹೊರಗ ಹಾಕಾಕ ಹೊಂಟಿದ್ದಿ ನೋಡು," ಎಂದರು. ಮಗಳು ಸಣ್ಣಗೆ ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಗೊಂಚಲು ಮೀನಿನ ಮೈಮೇಲೆ ಇರಲಿಲ್ಲ. ತೊಟ್ಟಿಯೊಳಗೆ ಇಳಿಬಿಟ್ಟಿದ್ದ ನಾರಿನ ಹಗ್ಗಕ್ಕೆ ತತ್ತಿಗಳು ಅಂಟಿದ್ದವು. ಹೆಣ್ಣುಮೀನು ತತ್ತಿಯನ್ನು ತುಸು ಕಾಲ ಹೊತ್ತು ತಿರುಗಿ, ಆಮೇಲೆ ಹುಲ್ಲಿಗೋ ಬೇರಿಗೋ ಅಂಟಿಸುತ್ತದೆಂದು ಬಳಿಕ ಓದಿ ತಿಳಿದೆ.

ತೊಟ್ಟಿ ತಿಕ್ಕುವ ದಿನ ಬಂತು. ನೀರು ಚೆಲ್ಲಿ ಒಣಗಿಸಿದರೆ ಹಗ್ಗವೂ ಒಣಗುತ್ತದೆ. ಮಗಳೇ ಬಕೆಟ್ಟಿಗೆ ನೀರು ಹಾಕಿಸಿಕೊಂಡು ಹಗ್ಗವನ್ನು ಅದರಲ್ಲಿ ಇಳಿಬಿಟ್ಟಳು. ಮೀನುಗಳಿಗೆ ಬೇರೆ ಬಕೆಟ್ಟು ಬೇಕೆಂದಳು. ಎರಡಕ್ಕೂ ಸೊಳ್ಳೆಪರದೆಯ ತುಂಡು ಕಟ್ಟಿ ಪಕ್ಕದಲ್ಲೇ ಕುಳಿತಳು. ನಾನು ತೊಟ್ಟಿಯೊಳಗೆ ಇಳಿದು ತಿಕ್ಕಿದೆ. ಅತ್ತೆ ಅವಳ ಕೈಗೆ ರೊಟ್ಟಿ ಕೊಟ್ಟರು.

"ಆಯಿ, ಮರಿ ಆದರ ಏನು ತಿಂತಾವ?" ಎಂದು ಅಜ್ಜಿಯನ್ನು ಕೇಳಿದಳು.

"ಮೊದಲ ನೀ ತಿನ್ನು, ಆಮ್ಯಾಲೆ ಅವುಗಳ ಚಿಂತಿ ಮಾಡುವಂತಿ."

ಅವಳು ತಿಂದಳು. ಕೇಳುತ್ತ, ಬಕೆಟ್ಟಿನೊಳಗೆ ಬಗ್ಗಿ ನೋಡುತ್ತ, ಇಡೀ ರೊಟ್ಟಿ ಮುಗಿಸಿದಳು. ನಾನು ತೊಟ್ಟಿಯ ತಳದಲ್ಲಿ ಬ್ರಷ್ ಹಿಡಿದು ಕುಳಿತವಳು ಓರೆಗಣ್ಣಲ್ಲೇ ನೋಡಿದೆ, ತಲೆ ಎತ್ತಲಿಲ್ಲ. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ ಅವಳು ನಿಲ್ಲಿಸಿಬಿಟ್ಟಾಳೆಂಬ ಅಂಜಿಕೆ ಇತ್ತು.