ಸದ್ದಿಲ್ಲದೆ ಊರಿಗೆ ಬರುವ ಜೀಪು

ಜಹೀರಾಬಾದಿನಿಂದ ನ್ಯಾಲ್ಕಲ್ ಕಡೆಯ ನಮ್ಮೂರಿಗೆ ಬರುವ ಜೀಪು ದಿಬ್ಬದ ಮೇಲೆ ಎಂಜಿನ್ ಬಂದ್ ಮಾಡಿಕೊಂಡು, ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿ ಬರುತ್ತದೆ. ಹೊಸಬರು, "ಮುದುಕ ಡೀಸೆಲ್ ಉಳಸ್ತಾನ" ಎಂದು ನಗುತ್ತಾರೆ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಜೀಪು ಮೊಗಲಪ್ಪನದು. ಮೊದಲು ಅದು ನಾಲ್ಕೂ ಗಾಲಿ ಎಳೆಯುವ ಹಳೆಯ ಪೆಟ್ರೋಲ್ ಗಾಡಿ. ಎಷ್ಟು ಸುರಿದರೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾಗಾಗಿ ಬೇವಿನ ಮರದಡಿ ನಿಂತೇ ಇತ್ತು. ಮಗ ಸತೀಶಕುಮಾರ ಡೀಸೆಲ್ ಟೆಂಪೊ ಓಡಿಸಿ ಮನೆ ನಡೆಸುತ್ತಿದ್ದ. ಹೋದ ವರ್ಷ ತೊಗರಿ ಹೇರಿಕೊಂಡು ನಾರಾಯಣಖೇಡಕ್ಕೆ ಹೊರಟವನು ದಾರಿಯಲ್ಲಿ ಟೆಂಪೊ ಪಲ್ಟಿಯಾಗಿ ಸತ್ತ. ಟೆಂಪೊ ನುಜ್ಜುಗುಜ್ಜಾಯಿತು, ಎಂಜಿನ್ನಿಗೆ ಮಾತ್ರ ಏನೂ ಆಗಲಿಲ್ಲ.

ಸಾವು ಕಂಡ ಗಾಡಿ ಅಂಗಳಕ್ಕೆ ಬರಬಾರದು ಎಂಬುದು ನಮ್ಮವರ ಮಾತು. ಮೊಗಲಪ್ಪ ಅದಕ್ಕೊಂದು ದಾರಿ ಹುಡುಕಿದ.

"ಗಾಡಿ ಗುಜರಿಗಿ ಹೋಗ್ಲಿ. ಎಂಜಿನ್ ಅಷ್ಟೇ ನನ್ನ ಜೀಪಿನಾಗ ಕೂಡಸು" ಎಂದು ಮಿಸ್ತ್ರಿ ಕಲ್ಯಾಣಪ್ಪನಿಗೆ ಹೇಳಿದ.

ಕಲ್ಯಾಣಪ್ಪ ಹಳೆಯ ಎಂಜಿನ್ ಇಳಿಸಿದ, ಬೆಸುಗೆ ಹಾಕಿ ಹೊಸ ಪಟ್ಟಿ ಕೂರಿಸಿದ, ಗೇರ್‌ಬಾಕ್ಸಿಗೆ ನಡುವೆ ಉಕ್ಕಿನ ಪ್ಲೇಟು ಕೊಟ್ಟು ಟೆಂಪೊದ ಎಂಜಿನ್ ಜೋಡಿಸಿದ. ಸೈಲೆನ್ಸರ್ ಕೂಡ ಟೆಂಪೊದ್ದೇ. ಚಾಲು ಮಾಡಿದಾಗ ಎಂಜಿನ್ ಎಂದಿನಂತೆ ಕೆಮ್ಮಿ, ತಡವರಿಸಿ ಓಡಿತು. ಮೊಗಲಪ್ಪ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತ. ಹೆಂಡತಿ ಈಶಮ್ಮನಿಗೆ ಮಾತ್ರ ಏನೂ ಹೇಳಿರಲಿಲ್ಲ, ಪುಣ್ಯಾತ್ಮ.

ಆ ಸಂಜೆ ಊರಿಗೆ ಮರಳುವ ನಾಲ್ಕಾರು ಜನರೊಂದಿಗೆ ನಾನೂ ಜೀಪಿನಲ್ಲಿದ್ದೆ. ಮಗನ ಗಾಡಿ ದಿಬ್ಬ ಇಳಿಯುವ ಸದ್ದು ಕೇಳಿದ ಮೇಲೆಯೇ ಈಶಮ್ಮ ಹಂಚಿಗೆ ರೊಟ್ಟಿ ಹಾಕುತ್ತಿದ್ದಳು. ಅವನಿಗೆ ಬಿಸಿಯದೇ ಆಗಬೇಕು. ಅಂದು ದಿಬ್ಬದಿಂದ ಅದೇ ಸದ್ದು ಕೇಳಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಸತೀಶಾ! ಬಂದ್ಯಾ?"

ಗಂಡ ಇಳಿದ. ಅವಳು ಅವನ ಬೆನ್ನ ಹಿಂದೆ ಇಣುಕಿದಳು, ನಮ್ಮೆಲ್ಲರ ಮುಖ ಹುಡುಕಿದಳು. ಒಳಗೆ ರೊಟ್ಟಿ ಸೀಯುತ್ತಿತ್ತು. ಅಲ್ಲೇ ಕುಸಿದು ಕುಳಿತಳು. ನನಗೆ ಮೊಗಲಪ್ಪನ ಮೇಲೆ ಸಿಟ್ಟೂ ಬಂತು, ಕರುಳೂ ಕಿತ್ತು ಬಂತು.

ಮರುದಿನದಿಂದ ಅವನು ದಿಬ್ಬದ ಮೇಲೇ ಎಂಜಿನ್ ಬಂದ್ ಮಾಡತೊಡಗಿದ. ಬೆಳಿಗ್ಗೆ ನಾವೆಲ್ಲ ಊರಾಚೆಯ ಕೆರೆಯವರೆಗೆ ತಳ್ಳುತ್ತೇವೆ. ಅಲ್ಲಿ ಚಾಲು ಮಾಡಿ ಕೆರೆ ದಾರಿಯಿಂದ ಹೊರಡುತ್ತಾನೆ.

ಮೊನ್ನೆ ಈಶಮ್ಮ ತಾನೇ ಬಂದು ಜೀಪು ತಳ್ಳಲು ಕೈಜೋಡಿಸಿದಳು. ಕೆರೆ ಬಂತು.

"ನೀ ಮನಿಗಿ ಹೋಗು, ಆಮ್ಯಾಲ ಚಾಲು ಮಾಡ್ತೀನಿ" ಎಂದ ಮೊಗಲಪ್ಪ.

"ಬರೋ ಸದ್ದು ನನಗ ತಡಕೊಳ್ಳಾಕ ಆಗಲ್ಲರಿ. ಹೋಗೋ ಸದ್ದಾರ ಕೇಳ್ತೀನಿ."

ಎಂಜಿನ್ ಕೆಮ್ಮಿತು, ತಡವರಿಸಿ ಓಡಿತು. ಈಶಮ್ಮ ನಡುಗುತ್ತಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟು, "ಸಾವಕಾಶ ಹೋಗು ಮಗಾ" ಎಂದಳು.

ಮೊಗಲಪ್ಪ ಜಹೀರಾಬಾದಿನವರೆಗೂ ಸಾವಕಾಶವೇ ಹೋದ. ಹೊತ್ತಾಯಿತೆಂದು ಜೀಪಿನಲ್ಲಿ ಯಾರೂ ಬಾಯಿ ತೆರೆಯಲಿಲ್ಲ.