ವೈನಿ ನಡೆಸಿದ ನಾಯಿ

ಮೊನ್ನೆ ಕಾರವಾರದ ಪೇಟೆಯಲ್ಲಿ ಅಕ್ಕಿ ಕೊಳ್ಳಲು ನಿಂತಿದ್ದೆ. ಅಂಗಡಿಯ ಮೂಲೆಯಲ್ಲಿ ನೆನೆದ ಗೋಣಿಚೀಲಗಳ ರಾಶಿ. ಅದರ ವಾಸನೆ ನಿಮಗೂ ಗೊತ್ತು, ಯಾರೂ ಅದನ್ನು ಪರಿಮಳ ಎನ್ನಲಾರರು. ಆದರೂ ನಾನು ಅಲ್ಲೇ ಮೈಮರೆತು ನಿಂತುಬಿಟ್ಟೆ. "ಎಷ್ಟು ಕಿಲೋ?" ಎಂದು ಅಂಗಡಿಯವರು ಎರಡು ಸಲ ಕೇಳಬೇಕಾಯಿತು. ಅಂಕೋಲೆಯ ಅಣ್ಣನ ಮನೆಯ ಜಗಲಿ ನೆನಪಾಗಿತ್ತು. ಜಗಲಿಯ ಉದ್ದಕ್ಕೂ ಹಾಸಿದ ಗೋಣಿ, ಅದರ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಅಣ್ಣನ ಹೆಂಡತಿ, ನಮ್ಮ ವೈನಿ.

ನಾಲ್ಕು ವರ್ಷದ ಹಿಂದಿನ ಮಾತು. ನನಗೆ ಕೈಗಾದಲ್ಲಿ ನೌಕರಿ, ಕಾರವಾರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ನೆಲಕ್ಕೆ ಮುಖ ಕಾಣುವಂಥ ಟೈಲ್ಸು. ಅಲ್ಲಿಗೆ ಸೋನಿ ಬಂದಳು, ಹಳದಿ ಬಣ್ಣದ ಲ್ಯಾಬ್ರಡಾರ್ ಮರಿ. ಸಾಕುವುದೆಂದರೆ ತಿನ್ನಿಸುವುದು ಎಂದೇ ನಾನು ತಿಳಿದಿದ್ದೆ. ನೌಕರಿಗೆ ಹೋಗುವ ಬಸ್ಸಿನ ಗೆಳೆಯನೊಬ್ಬ ಫೋಟೋ ನೋಡಿ "ಇದು ಮರಿಯಾ, ಗುಡಾಣವಾ?" ಎಂದಾಗ ಹೆಮ್ಮೆಪಟ್ಟವನು ನಾನು. ಅವಳು ಹಿಂಗಾಲೆರಡನ್ನೂ ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸಿ ಓಡುವುದನ್ನು ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದೆ. ಅದು ಆಟವಲ್ಲ, ನೋವು ಎಂದು ತಿಳಿದದ್ದು ಎಂಟನೇ ತಿಂಗಳಲ್ಲಿ. ಒಂದು ಬೆಳಿಗ್ಗೆ ಟೈಲ್ಸಿನ ಮೇಲೆ ಹಿಂಗಾಲು ಎರಡು ಬದಿಗೆ ಜಾರಿ, ಏಳಲಾಗದೆ ನನ್ನನ್ನೇ ನೋಡಿದಳು.

ದನದ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಸೊಂಟದ ಕೀಲು ಸಡಿಲ, ಗುಳಿಯಲ್ಲಿ ಎಲುಬು ಸರಿಯಾಗಿ ಕೂರುತ್ತಿಲ್ಲ ಎಂದರು. "ಆಪರೇಶನ್ ದೂರದ ಮಾತು. ಮೊದಲು ತೂಕ ಇಳಿಸಿ. ಮೆಟ್ಟಿಲು, ಜಾರುವ ನೆಲ ಬೇಡ. ನೋವಿಗೆ ಮಾತ್ರೆ ಬರೆದಿದ್ದೇನೆ. ಜೊತೆಗೆ ಈಜಿಸಿ. ಮಾಂಸಖಂಡ ಗಟ್ಟಿಯಾದರೆ ಅದೇ ಕೀಲನ್ನು ಹಿಡಿದುಕೊಳ್ಳುತ್ತದೆ."

ಎರಡು ವಾರ ಆ ಭಾರವನ್ನು ಹೊತ್ತು ಮೆಟ್ಟಿಲು ಹತ್ತಿ ಇಳಿದೆ. ಮೂರನೆಯ ವಾರ ನನ್ನ ಸೊಂಟವೇ ಹಿಡಿಯಿತು. ಕೆಳಮನೆಯವರು ಕನಿಕರದಿಂದ "ಒಂದು ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡಿ" ಎಂದರು. ಅದಕ್ಕೆ ಮನಸ್ಸು ಬರಲಿಲ್ಲ. ದೀಪಾವಳಿ ಕಳೆದ ಭಾನುವಾರ ಸೋನಿಯನ್ನು ಕಾರಿನಲ್ಲಿ ಹಾಕಿಕೊಂಡು ಅಂಕೋಲೆಗೆ ಹೋದೆ. "ಇಲ್ಲಿ ಜಾಗ ಉಂಟಲ್ಲ ವೈನಿ, ಇವಳಿಗೆ ಒಳ್ಳೇದು" ಎಂದೆ.

ವೈನಿಗೆ ನಾಯಿಯೆಂದರೆ ಅಷ್ಟಕ್ಕಷ್ಟೆ. ಶೇಂಗಾ ಗದ್ದೆ, ಎರಡು ಎಮ್ಮೆ, ಅಂಗಳದ ತುಂಬ ಕೋಳಿ, ಇಷ್ಟೇ ಅವರ ಲೋಕ. ಸೋನಿ ಕಾರಿನಿಂದ ಇಳಿದು ತೂರಾಡುವುದನ್ನು ಸುಮ್ಮನೆ ನೋಡಿದರು.

"ತಮಾ, ಬಿಟ್ಟು ಹೋಗೂಕೆ ಬಂದದ್ದೋ, ಗುಣ ಮಾಡೂಕೆ ಬಂದದ್ದೋ?"

ನಾನು ಚಪ್ಪಲಿ ನೋಡಿಕೊಂಡೆ.

"ಗುಣ ಮಾಡೂದಾದ್ರೆ ಪ್ರತಿ ಭಾನುವಾರ ನೀನೂ ಬರ್ಬೇಕು. ಇಲ್ಲದಿದ್ರೆ ಈಗ್ಲೇ ಕಾರಿಗೆ ಹತ್ಸು."

ಮರುದಿನವೇ ಜಗಲಿಗೆ ಗೋಣಿ ಬಿತ್ತು, ಕಾಲು ಜಾರದಿರಲಿ ಎಂದು. ಅನ್ನದ ಅಳತೆ ಒಂದು ತೆಂಗಿನ ಗರಟೆಗೆ ಇಳಿಯಿತು, ಜೊತೆಗೆ ಬೇಯಿಸಿದ ಮೀನು. ಕದ್ದು ಅರ್ಧ ದೋಸೆ ಹಾಕಿದ ಅಣ್ಣನಿಗೆ ಆ ದಿನ ದೋಸೆಯೇ ಸಿಗಲಿಲ್ಲ. ಬೆಳಿಗ್ಗೆ ಎಮ್ಮೆ ಕರೆದ ಮೇಲೆ ವೈನಿ ಸೋನಿಯನ್ನು ಅಣ್ಣನ ರಿಕ್ಷಾದಲ್ಲಿ ಬೇಲೇಕೇರಿಯ ದಂಡೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಅಲೆ ಕಡಿಮೆ. ಸೀರೆ ಎತ್ತಿ ಕಟ್ಟಿ, ನಾಯಿಯ ಹೊಟ್ಟೆಯಡಿ ಹಳೆಯ ಟವೆಲು ಹಾಕಿ, ಎರಡೂ ತುದಿ ಹಿಡಿದು ಸೊಂಟಮಟ್ಟದ ನೀರಿಗೆ ಇಳಿಯುತ್ತಿದ್ದರು. ಒಂದು ಮಾತು ಹೇಳಲೇಬೇಕು: ವೈನಿಗೆ ಈಜು ಬರುವುದಿಲ್ಲ. ಈಜು ಬರುವ ನಾನು ಮೊದಲ ಭಾನುವಾರ ದಡದಲ್ಲಿ ನಿಂತಿದ್ದೆ.

"ಪ್ಯಾಂಟು ಒದ್ದೆ ಆಗ್ತದೆ ಹೇಳಿ ನಿಂತ್ಯಾ?" ಎಂದು ನೀರಿನಿಂದಲೇ ಕೂಗಿದರು. ಪ್ಯಾಂಟಿನ ಸಮೇತ ಇಳಿದೆ.

ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವಂತಿಲ್ಲ. ವೈನಿ ನಾಟಿ ಮಾಡದೆ ಬಿಟ್ಟ ಒಂದು ಗದ್ದೆಯಲ್ಲಿ ನೀರು ಕಟ್ಟಿ, ಅದರಲ್ಲಿ ಸೋನಿಯನ್ನು ನಿಧಾನ ನಡೆಸಿದರು. ನೀರಿನಲ್ಲಿ ನಡೆಯಬೇಕಾದರೆ ಒಂದೊಂದೇ ಕಾಲನ್ನು ಎತ್ತಿ ಇಡಲೇಬೇಕು, ಮೊಲದ ಕುಪ್ಪಳಿಕೆ ಅಲ್ಲಿ ನಡೆಯದು. ಇದನ್ನು ಯಾವ ಡಾಕ್ಟರೂ ಅವರಿಗೆ ಹೇಳಿರಲಿಲ್ಲ. ಆದರೂ ಆಷಾಢದ ಥಂಡಿಗೆ ನೋವು ಮರುಕಳಿಸಿತು. ಡಾಕ್ಟರು ಮಾತ್ರೆ ಬದಲಿಸಿದರು, ಆದರೂ ಸೋನಿ ಮೂರು ದಿನ ಎದ್ದೇಳಲಿಲ್ಲ. ನನ್ನ ಧೈರ್ಯ ಉಡುಗಿತು. ಕೆಳಮನೆಯವರು ಹೇಳಿದ ಇಂಜೆಕ್ಷನ್ ಮಾತನ್ನು ನಾನೇ ಆಡಿಬಿಟ್ಟೆ.

"ನಿಮ್ಮಣ್ಣಗೂ ಮಂಡಿ ನೋಯ್ತದೆ. ಅವ್ರಿಗೂ ಒಂದು ಕೊಡ್ಸೂದಾ?"

ಒಳಗಿನಿಂದ ಅಣ್ಣ ಕೆಮ್ಮಿದ. ವೈನಿ ಬಿಸಿನೀರಲ್ಲಿ ಬಟ್ಟೆ ಹಿಂಡಿ ನಾಯಿಯ ಸೊಂಟಕ್ಕೆ ಶಾಖ ಕೊಡುತ್ತ ಕುಳಿತರು. ನಾಲ್ಕನೆಯ ದಿನ ಸೋನಿ ತಾನಾಗಿ ಎದ್ದು ಹೋಗಿ ಕೋಳಿಯೊಂದನ್ನು ಹೆದರಿಸಿದಳು. ಕೋಳಿ ಹೆದರಿಸಿದ್ದಕ್ಕೆ ಆ ಮನೆಯಲ್ಲಿ ಬೈಗುಳ ತಿನ್ನದೇ ಉಳಿದ ನಾಯಿ ಅವಳೊಬ್ಬಳೇ.

ಮುಂದಿನ ದೀಪಾವಳಿಯ ಹೊತ್ತಿಗೆ ನಾನು ನೆಲಮಹಡಿಯ ಮನೆ ಹುಡುಕಿ, ಸೋನಿಯನ್ನು ವಾಪಸು ಕೇಳಲು ಹೋದೆ. ವೈನಿ ಕೊಡಲಿಕ್ಕಿಲ್ಲ ಎಂಬ ಅಳುಕಿತ್ತು. "ನಿನ್ನ ನಾಯಿ, ನೀನೇ ನೋಡ್ಕೊ" ಎಂದು ಕಾರಿನ ಬಾಗಿಲು ತೆಗೆದವರು, ಕಾರು ಹೊರಡುವ ಮುಂಚೆಯೇ ಎಮ್ಮೆ ಕೊಟ್ಟಿಗೆಗೆ ಹೊರಟುಹೋದರು.

ಸೋನಿ ಪೂರ್ತಿ ಗುಣವಾಗಿಲ್ಲ, ಆಗುವುದೂ ಇಲ್ಲ. ನಡೆಯುವಾಗ ಹಿಂಭಾಗ ತುಸು ತೂಗುತ್ತದೆ. ಬೆಳಿಗ್ಗೆ ಬಸ್ಸಿನ ಹೊತ್ತಿಗಿಂತ ಮುಂಚೆ ನಾವಿಬ್ಬರೂ ದಂಡೆಯ ಮರಳಿನಲ್ಲಿ ನಡೆದು ಬರುತ್ತೇವೆ. ಅನ್ನವನ್ನು ನಾನೂ ಅಳೆದೇ ಹಾಕುತ್ತೇನೆ.

ಈ ಭಾನುವಾರ ವೈನಿ ನಮ್ಮಲ್ಲಿಗೆ ಬಂದಿದ್ದರು. ಚಹಾ ಸಹ ಮುಟ್ಟದೆ ನೇರ ಸೋನಿಯ ಪಕ್ಕ ಕುಳಿತು, ಎಮ್ಮೆ ಕೊಳ್ಳಲು ಬಂದವರ ಹಾಗೆ ತೊಡೆಯನ್ನು ಒತ್ತಿ ಒತ್ತಿ ನೋಡಿದರು. ಪಕ್ಕೆಲುಬಿನ ಮೇಲೆ ಬೆರಳಾಡಿಸಿದರು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ನಾನು ಬಾಗಿಲಲ್ಲಿ ನಿಂತಿದ್ದೆ.

"ಲಾಯಕ್ಕ ಸಾಕಿದ್ದಿ ತಮಾ" ಎಂದರು.

ಚಹಾ ಬಿಸಿ ಮಾಡುತ್ತೇನೆಂದು ಒಳಗೆ ಹೋದೆ.